ಮೂಳೆಗೊಂದು ಸಾರುವೆ

ಮಕ್ಕಳೇ, ಟಿ. ದಾಸರಹಳ್ಳಿಯ ಬೀದಿಗಳಲ್ಲಿ ಮನೆ ಕಟ್ಟುವುದನ್ನು ನೀವು ನೋಡಿರುತ್ತೀರಿ. ಗೋಡೆ ಏರಿದಂತೆ ಅದರ ಪಕ್ಕದಲ್ಲಿ ಸಾರುವೆಯೂ ಏರುತ್ತದೆ. ಗಾರೆ ಕೆಲಸದವರು ಅದರ ಮೇಲೆ ನಿಂತು ಗೋಡೆ ಕಟ್ಟುತ್ತಾರೆ. ಕೆಲಸ ಮುಗಿದ ಮೇಲೆ ಸಾರುವೆ ಬಿಚ್ಚುತ್ತಾರೆ. ದವಡೆಯಲ್ಲಿ ಮೂಳೆ ಕಡಿಮೆಯಾದಾಗ ವೈದ್ಯರೂ ಇಂತಹುದೇ ಒಂದು ಸಾರುವೆ ಹಾಕುತ್ತಾರೆ. ಅದು ಹೇಗೆಂದು ತಿಳಿಯೋಣ ಬನ್ನಿ.

ಮೂಳೆ ಕಲ್ಲಲ್ಲ

ಮೂಳೆ ಜೀವಂತ ಅಂಗ. ಅದರಲ್ಲಿ ರಕ್ತನಾಳಗಳಿವೆ. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಇವೆ. ಮೂಳೆಯ ತೂಕದ ಮೂರರಲ್ಲಿ ಎರಡು ಭಾಗದಷ್ಟು ಕ್ಯಾಲ್ಸಿಯಂ ಮತ್ತು ರಂಜಕ ಇರುವ ಖನಿಜ. ಅದು ಹೈಡ್ರಾಕ್ಸಿಅಪಟೈಟ್‌ನ ಜಾತಿಗೆ ಸೇರಿದ್ದು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಕೊಲಾಜನ್ ಎಂಬ ಪ್ರೋಟೀನು.

ಮಾಡಿ ನೋಡಿ: ಕೋಳಿಯ ಕಾಲಿನ ಮೂಳೆಯನ್ನು ಚೆನ್ನಾಗಿ ತೊಳೆದು, ಅದು ಮುಳುಗುವಷ್ಟು ವಿನೆಗರ್‌ನಲ್ಲಿ ಒಂದು ವಾರ ಇಡಿ. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿ. ನಂತರ ತೊಳೆದು ಬಗ್ಗಿಸಿ ನೋಡಿ. ಮೂಳೆ ರಬ್ಬರಿನಂತೆ ಬಾಗುತ್ತದೆ! ಆಮ್ಲದಲ್ಲಿ ಖನಿಜ ಕರಗಿತು, ಕೊಲಾಜನ್ ಉಳಿಯಿತು. (ದೊಡ್ಡವರ ಎದುರಿನಲ್ಲಿ ಮಾಡಿ. ಕೊನೆಗೆ ಕೈಯನ್ನು ಸೋಪು ಹಾಕಿ ತೊಳೆಯಿರಿ.)

ತುಂಬದ ಅಂತರ

ಸಣ್ಣ ಬಿರುಕನ್ನು ಮೂಳೆ ತಾನೇ ಬೆಸೆದುಕೊಳ್ಳುತ್ತದೆ. ಅಂತರ ದೊಡ್ಡದಾದರೆ ಅದಕ್ಕೆ ಸಾಧ್ಯವಿಲ್ಲ. ಅಪಘಾತ, ಗೆಡ್ಡೆ, ವಸಡಿನ ರೋಗ ಇವುಗಳಿಂದ ದವಡೆಯಲ್ಲಿ ಇಂತಹ ಅಂತರ ಉಂಟಾಗಬಹುದು. ಕೆಲವು ಮಕ್ಕಳಿಗೆ ಇದು ಹುಟ್ಟಿನಿಂದಲೇ ಇರುತ್ತದೆ. ಗರ್ಭದಲ್ಲಿ ಮುಖದ ಭಾಗಗಳು ಪೂರ್ತಿ ಕೂಡದಿದ್ದರೆ ಸೀಳುತುಟಿ, ಸೀಳಂಗುಳ ಉಂಟಾಗುತ್ತವೆ. ತಾಯಿ ಗ್ರಹಣ ನೋಡಿದ್ದರಿಂದ ಹೀಗಾಯಿತು ಎಂದು ಹೇಳುವವರಿದ್ದಾರೆ. ಅದು ನಿಜವಲ್ಲ. ವಂಶವಾಹಿಗಳು ಮತ್ತು ಗರ್ಭಾವಸ್ಥೆಯ ಕೆಲವು ಪರಿಸ್ಥಿತಿಗಳು ಇದಕ್ಕೆ ಕಾರಣ.

ಇಂತಹ ಮಗುವಿನ ತುಟಿಯನ್ನು ಎಳೆಯ ವಯಸ್ಸಿನಲ್ಲೇ ಹೊಲಿಯುತ್ತಾರೆ. ಆದರೆ ವಸಡಿನ ಒಳಗೆ ಮೂಳೆಯ ಸೀಳು ಹಾಗೆಯೇ ಉಳಿದಿರಬಹುದು. ಕೋರೆಹಲ್ಲು ಕೆಳಗಿಳಿಯಲು ಅಲ್ಲಿ ಮೂಳೆ ಬೇಕು. ಆದ್ದರಿಂದ ಸಾಮಾನ್ಯವಾಗಿ 8ರಿಂದ 11 ವರ್ಷದೊಳಗೆ, ಅಂದರೆ ನಿಮ್ಮದೇ ವಯಸ್ಸಿನಲ್ಲಿ, ಅಲ್ಲಿಗೆ ಮೂಳೆ ತುಂಬುತ್ತಾರೆ. ಇದಕ್ಕೆ ಮೂಳೆ ಕಸಿ ಎನ್ನುತ್ತಾರೆ. ಆ ಮೂಳೆ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಮಗುವಿನ ಸೊಂಟದ ಮೂಳೆಯಿಂದಲೇ. ಅದರಲ್ಲಿ ಜೀವಂತ ಕೋಶಗಳಿರುತ್ತವೆ. ದೇಹಕ್ಕೆ ಅದು ತನ್ನದೇ ವಸ್ತು. ಆದರೆ ಎರಡು ಕಡೆ ಗಾಯವಾಗುತ್ತದೆ, ಸಿಗುವ ಮೂಳೆಗೂ ಮಿತಿಯಿದೆ.

ಒಳ್ಳೆಯ ಸಾರುವೆಯ ಲಕ್ಷಣ

ಈ ಕೊರತೆ ನೀಗಲು ವಿಜ್ಞಾನಿಗಳು ಜೈವಿಕ ಹೊಂದಾಣಿಕೆಯ ವಸ್ತುಗಳನ್ನು ರೂಪಿಸಿದರು. ಅಂದರೆ ದೇಹಕ್ಕೆ ಹಾನಿ ಮಾಡದೆ, ಅದರೊಡನೆ ಹೊಂದಿಕೊಂಡು ಕೆಲಸ ಮಾಡುವ ವಸ್ತುಗಳು. 1969ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ಮೂಳೆಯೊಡನೆ ಬೆಸೆಯುವ ವಿಶೇಷ ಗಾಜನ್ನು ತಯಾರಿಸಿದರು. ನೆರೆಯ ಕೇರಳದ ತಿರುವನಂತಪುರದಲ್ಲಿರುವ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯೂ ಹೈಡ್ರಾಕ್ಸಿಅಪಟೈಟ್ ಬಳಸಿ ಮೂಳೆ ತುಂಬುವ ವಸ್ತುಗಳನ್ನು ರೂಪಿಸಿದೆ.

ಇಂತಹ ವಸ್ತುವಿನಲ್ಲಿ ಸೂಕ್ಷ್ಮ ರಂಧ್ರಗಳು ಇರಬೇಕು. ರಕ್ತನಾಳಗಳು, ಮೂಳೆ ಕಟ್ಟುವ ಕೋಶಗಳು ಅವುಗಳೊಳಗೆ ಹೋಗಬೇಕಲ್ಲವೇ? ಹೊಸ ಮೂಳೆ ಬೆಳೆದಂತೆ ವಸ್ತು ಕರಗಬೇಕು. ಬೇಗ ಕರಗಿದರೆ ಜಾಗ ಕುಸಿಯುತ್ತದೆ. ಕರಗದೆ ಉಳಿದರೆ, ಬಾಗಿಲಿಗೆ ಅಡ್ಡ ನಿಂತ ಸಾರುವೆಯಂತೆ, ಇಳಿಯುವ ಹಲ್ಲಿಗೆ ತಡೆಯಾಗಬಹುದು. ಹೈಡ್ರಾಕ್ಸಿಅಪಟೈಟ್ ಬಹಳ ನಿಧಾನ, ವರ್ಷಗಟ್ಟಲೆ ಉಳಿಯುತ್ತದೆ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅದಕ್ಕಿಂತ ಬೇಗ ಕರಗುತ್ತದೆ. ಎರಡನ್ನೂ ಬೆರೆಸಿ ಬೇಕಾದ ವೇಗ ಪಡೆಯಲು ಪ್ರಯತ್ನಿಸುತ್ತಾರೆ. ಹಲ್ಲು ಇಳಿಯಬೇಕಾದ ಮಕ್ಕಳಲ್ಲಿ ಸ್ವಂತ ಮೂಳೆಗೇ ಇಂದಿಗೂ ಮೊದಲ ಸ್ಥಾನ ಏಕೆ ಎಂಬುದು ಈಗ ತಿಳಿಯಿತಲ್ಲವೇ?

ಇನ್ನೊಂದು ತೊಡಕು ಇದೆ. ವಸಡಿನ ಕೋಶಗಳು ಮೂಳೆಯ ಕೋಶಗಳಿಗಿಂತ ಬೇಗ ಬೆಳೆದು ಜಾಗ ಆಕ್ರಮಿಸುತ್ತವೆ. ಆದ್ದರಿಂದ ದವಡೆಯ ಎಷ್ಟೋ ಶಸ್ತ್ರಚಿಕಿತ್ಸೆಗಳಲ್ಲಿ ಕಸಿಯ ಮೇಲೆ ಕೊಲಾಜನ್ ತೆಳುಪೊರೆಯನ್ನು ಬೇಲಿಯಂತೆ ಹೊದಿಸುತ್ತಾರೆ. ಈ ಬೇಲಿಯೂ ಕೆಲಸ ಮುಗಿದ ಮೇಲೆ ಕರಗುತ್ತದೆ.

ನೀವೇನು ಮಾಡಬಹುದು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಸೀಳುತುಟಿಯೂ ಅದರ ಪಟ್ಟಿಯಲ್ಲಿದೆ. ದಾಸರಹಳ್ಳಿಯಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರೆ, ವಿಕ್ಟೋರಿಯಾ ಆಸ್ಪತ್ರೆಯ ಬಳಿಯೇ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ನಿಮ್ಮ ತರಗತಿಯಲ್ಲಿ ಸೀಳುತುಟಿ ಹೊಲಿಸಿಕೊಂಡ ಗೆಳೆಯರಿದ್ದರೆ ಅವರನ್ನು ಅಣಕಿಸಬೇಡಿ. ತುಟಿ ಕೂಡಿದ್ದರೂ ಒಳಗಿನ ಮೂಳೆಯನ್ನು ವೈದ್ಯರಿಗೆ ತೋರಿಸಬೇಕು ಎಂಬುದನ್ನು ಶಿಕ್ಷಕರ ಮೂಲಕ ಅವರ ಮನೆಯವರಿಗೆ ತಿಳಿಸಿ. ಕೋರೆಹಲ್ಲು ಇಳಿಯುವ ಮುನ್ನ ಹೋದರೆ ಹೆಚ್ಚು ಅನುಕೂಲ.

ಯೋಚಿಸಿ, ಉತ್ತರಿಸಿ

1. ವಿನೆಗರ್‌ನಲ್ಲಿಟ್ಟ ಮೂಳೆ ಬಾಗಿದ್ದೇಕೆ?
2. ಕಸಿ ವಸ್ತುವಿನಲ್ಲಿ ರಂಧ್ರಗಳಿಲ್ಲದಿದ್ದರೆ ಏನಾಗುತ್ತದೆ?
3. ಸಾರುವೆಗೂ ಕಸಿ ವಸ್ತುವಿಗೂ ಇರುವ ಒಂದು ಹೋಲಿಕೆ, ಒಂದು ವ್ಯತ್ಯಾಸ ಬರೆಯಿರಿ.