ಶರತ್ಕಾಲದ ಹೂದೋಟ

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸಂದರ್ಭದಲ್ಲಿ ಫಲಪುಷ್ಪ ಪ್ರದರ್ಶನಗಳು ಏರ್ಪಡುತ್ತವೆ. ಅವನ್ನು ನೋಡಿ ಹಿಂದಿರುಗುವ ಎಷ್ಟೋ ಮಂದಿ ದಾರಿಯಲ್ಲಿ ಒಂದೆರಡು ಹೂಗಿಡಗಳನ್ನು ಕೊಂಡೊಯ್ಯುತ್ತಾರೆ. ಆ ದಿನ ಯಾವ ಗಿಡ ಮೈತುಂಬ ಅರಳಿ ಕಣ್ಮನ ಸೆಳೆಯಿತೋ ಅದೇ ಅವರ ಆಯ್ಕೆ. ಕೆಲವು ವಾರ ಕಳೆಯುವಷ್ಟರಲ್ಲಿ ಹೂ ಬಾಡುತ್ತದೆ, ಗಿಡವೂ ಒಣಗುತ್ತದೆ, ಜಗಲಿಯ ಮೇಲೆ ಬರಿಯ ಕುಂಡ ಉಳಿಯುತ್ತದೆ. ಇದರಲ್ಲಿ ಗಿಡದ ತಪ್ಪೇನೂ ಇಲ್ಲ. ಹೂವನ್ನು ನೋಡಿ ಕೊಂಡವರು ಗಿಡದ ಆಯುಸ್ಸನ್ನೂ ಅದರ ಋತುವನ್ನೂ ವಿಚಾರಿಸಲಿಲ್ಲ, ಅಷ್ಟೆ.

ಆಯುಸ್ಸನ್ನು ಆಧರಿಸಿ ಸಸ್ಯಗಳನ್ನು ಮೂರು ಬಗೆಯಾಗಿ ವಿಂಗಡಿಸುವುದುಂಟು. ಬೀಜ ಮೊಳೆತು, ಗಿಡ ಬೆಳೆದು, ಹೂಬಿಟ್ಟು, ಮತ್ತೆ ಬೀಜ ಕಟ್ಟಿ ಒಂದೇ ವರ್ಷದೊಳಗೆ ಬಾಳು ಮುಗಿಸುವಂಥವು ಏಕವಾರ್ಷಿಕಗಳು. ಚೆಂಡುಹೂವೂ ಜಿನ್ನಿಯವೂ ಈ ಗುಂಪಿನವು. ಮೊದಲ ವರ್ಷ ಬೆಳೆದು ಎರಡನೆಯ ವರ್ಷ ಹೂಬಿಟ್ಟು ಅಳಿಯುವಂಥವು ದ್ವೈವಾರ್ಷಿಕಗಳು. ಒಮ್ಮೆ ನೆಲದಲ್ಲಿ ಬೇರೂರಿದರೆ ಹಲವು ವರ್ಷ ಬದುಕಿ, ತಮ್ಮ ಕಾಲ ಬಂದಾಗಲೆಲ್ಲ ಅರಳುವಂಥವು ಬಹುವಾರ್ಷಿಕಗಳು. ಮಲ್ಲಿಗೆ, ಸೇವಂತಿಗೆ, ದಾಸವಾಳ, ಪಾರಿಜಾತಗಳೆಲ್ಲ ಈ ಗುಂಪಿಗೆ ಸೇರುತ್ತವೆ.

ಹಾಗಾದರೆ ಬಹುವಾರ್ಷಿಕಗಳನ್ನು ನೆಟ್ಟ ಮಾತ್ರಕ್ಕೆ ತೋಟ ಸದಾ ಹೂವಿನಿಂದ ತುಂಬಿರುವುದೇ? ಇಲ್ಲ. ಗಿಡವು ವರ್ಷವಿಡೀ ಬದುಕಿರುತ್ತದೆ. ಆದರೆ ಅದರ ಹೂವಿಗೆ ತನ್ನದೇ ಆದ ಕಾಲವುಂಟು. ಮಲ್ಲಿಗೆಯು ಬೇಸಿಗೆಯಲ್ಲಿ ಸಮೃದ್ಧವಾಗಿ ಅರಳಿ, ಮುಂದೆ ವಿರಳವಾಗುತ್ತದೆ. ಬೇಸಿಗೆಯ ಹೂಗಳನ್ನಷ್ಟೇ ನೆಟ್ಟವನ ಹಿತ್ತಿಲು ನವರಾತ್ರಿ, ದೀಪಾವಳಿಗಳ ವೇಳೆಗೆ ಬರಿಯ ಹಸುರಾಗಿರುತ್ತದೆ. ಆಗಲೇ ಪೂಜೆಗೂ ಮುಡಿಗೂ ಹೂ ಹೆಚ್ಚಾಗಿ ಬೇಕು. ಆಗಲೇ ಪೇಟೆಯಲ್ಲಿ ಅದರ ಬೆಲೆ ಏರುತ್ತದೆ. ಆದುದರಿಂದ ತೋಟವನ್ನು ಯೋಜಿಸುವವನು ಪಂಚಾಂಗವನ್ನು ಎದುರಿಗಿಟ್ಟುಕೊಂಡು ಗಿಡಗಳನ್ನು ಆರಿಸಬೇಕು.

ಆಶ್ವಯುಜ, ಕಾರ್ತಿಕ ಮಾಸಗಳ ಶರದೃತುವಿನಲ್ಲಿ ಅರಳುವ ಹೂಗಳಲ್ಲಿ ಸೇವಂತಿಗೆಗೆ ಅಗ್ರಸ್ಥಾನ. ಚೀನಾ ದೇಶದಲ್ಲಿ ಬಹು ಪ್ರಾಚೀನ ಕಾಲದಿಂದ ಇದರ ಕೃಷಿ ನಡೆದುಬಂದಿದೆ. ಜಪಾನಿನ ಚಕ್ರವರ್ತಿಗಳ ಲಾಂಛನವೂ ಇದೇ ಹೂವು. ಮಳೆಗಾಲವೆಲ್ಲ ಎಲೆಗಳನ್ನಷ್ಟೇ ಬೆಳೆಸಿಕೊಂಡು ನಿಂತ ಈ ಗಿಡಕ್ಕೆ ಶರತ್ಕಾಲ ಬಂದುದನ್ನು ತಿಳಿಸುವವರು ಯಾರು? ಈ ಬಗೆಯ ಪ್ರಶ್ನೆಗೆ ಉತ್ತರ ದೊರೆತದ್ದು ಹೊಗೆಸೊಪ್ಪಿನ ಗಿಡದಿಂದ. ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ ಎಂಬವರು ಒಂದು ವಿಶೇಷ ಜಾತಿಯ ಹೊಗೆಸೊಪ್ಪನ್ನು ಪರಿಶೀಲಿಸುತ್ತಿದ್ದರು. ಬೇಸಿಗೆಯಲ್ಲಿ ಅದು ಆಳೆತ್ತರವನ್ನು ಮೀರಿ ಬೆಳೆದರೂ ಹೂಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಮಾತ್ರ ಅರಳುತ್ತಿತ್ತು. ಅವರು ಬೇಸಿಗೆಯಲ್ಲಿಯೇ ಕೆಲವು ಗಿಡಗಳನ್ನು ಪ್ರತಿದಿನ ಸಂಜೆಗೆ ಮೊದಲೇ ಕತ್ತಲೆಯ ಕೋಣೆಗೆ ಸೇರಿಸಿದರು. ಹಗಲು ಹೀಗೆ ಕಿರಿದಾದೊಡನೆ ಗಿಡಗಳು ಮೊಗ್ಗಿಟ್ಟವು. ಹಗಲಿನ ಅವಧಿಯೇ ಗಿಡಕ್ಕೆ ಋತುವನ್ನು ತಿಳಿಸುತ್ತದೆಂಬುದನ್ನು ಅವರು 1920ರಲ್ಲಿ ಪ್ರಕಟಿಸಿದರು. ಇಂಥ ಗಿಡಗಳು ನಿಜವಾಗಿ ಅಳೆಯುವುದು ಇರುಳಿನ ಉದ್ದವನ್ನು ಎಂಬುದು ಆಮೇಲಿನ ಪ್ರಯೋಗಗಳಿಂದ ತಿಳಿದುಬಂತು.

ಸೇವಂತಿಗೆಯೂ ಇದೇ ಜಾಡಿನ ಗಿಡ. ಹಗಲು ಕುಗ್ಗಿ ಇರುಳು ಹಿಗ್ಗಿದಾಗ ಮೊಗ್ಗಿಡುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತ್ಯಂತ ದೀರ್ಘ ಹಗಲಿಗೂ ಅತ್ಯಂತ ಹ್ರಸ್ವ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ನಮ್ಮ ಗಮನಕ್ಕೇ ಬಾರದ ಈ ವ್ಯತ್ಯಾಸವನ್ನು ಗಿಡವು ಅರಿಯುತ್ತದೆ. ಬೀದಿಯ ದೀಪದ ಕೆಳಗೆ ನೆಟ್ಟ ಸೇವಂತಿಗೆಯು ಹಸುರಾಗಿ ಬೆಳೆದರೂ ಹೂಬಿಡಲು ತಡಮಾಡುವುದು ಇದರಿಂದಲೇ. ನಡುರಾತ್ರಿಯ ಬೆಳಕು ಅದರ ಎಣಿಕೆಯನ್ನು ಕೆಡಿಸುತ್ತದೆ. ಈ ಗುಣವನ್ನು ತಿಳಿದ ಬೆಳೆಗಾರರು ರಾತ್ರಿ ದೀಪ ಉರಿಸಿ ಹೂವನ್ನು ಮುಂದೂಡುತ್ತಾರೆ. ಸಂಜೆ ಮೊದಲೇ ಕಪ್ಪು ಹೊದಿಕೆ ಹಾಕಿ ಬೇಗ ಅರಳಿಸುತ್ತಾರೆ.

ಇನ್ನು ಹೂ ಬಹುಕಾಲ ಇರಬೇಕೆಂಬ ಮಾತು. ಇದು ಎರಡು ಬಗೆಯಲ್ಲಿ ಸಾಧ್ಯ. ಒಂದೊಂದು ಹೂವೇ ಬಹುದಿನ ಬಾಡದೆ ನಿಲ್ಲುವುದು ಮೊದಲನೆಯ ಬಗೆ. ನಾವು ಒಂದು ಸೇವಂತಿಗೆ ಎಂದು ಕರೆಯುವುದು ವಾಸ್ತವವಾಗಿ ನೂರಾರು ಕಿರುಹೂಗಳ ಒಂದು ಸಮೂಹ. ಅವು ಹೊರಅಂಚಿನಿಂದ ಒಳಕ್ಕೆ ಸಾಲಾಗಿ ಅರಳುತ್ತ ಹೋಗುವುದರಿಂದ ಇಡೀ ಹೂ ಬಹುದಿನ ತಾಜಾ ಆಗಿ ಕಾಣುತ್ತದೆ. ಹೂ ಅಲ್ಪಾಯುವಾದರೂ ಗಿಡ ಬಿಡುವಿಲ್ಲದೆ ಮೊಗ್ಗಿಡುವುದು ಎರಡನೆಯ ಬಗೆ. ದಾಸವಾಳದ ಹೂವಿನ ಬಾಳು ಸಾಮಾನ್ಯವಾಗಿ ಒಂದೇ ದಿನ. ಆದರೆ ಗಿಡದಲ್ಲಿ ಹೂವಿಲ್ಲದ ತಿಂಗಳು ವಿರಳ. ಮಕರಂದಕ್ಕಾಗಿ ಬರುವ ಸೂರಕ್ಕಿಯೂ ಇದನ್ನು ಬಲ್ಲದು.

ಈ ಎರಡು ಬಗೆಯವನ್ನೂ ಕಲೆಸಿ ನೆಡುವುದು ಜಾಣತನ. ವರ್ಷದ ಬಹುಭಾಗ ಹೂಕೊಡುವ ದಾಸವಾಳ, ನಂದಿಬಟ್ಟಲು, ಕನಕಾಂಬರಗಳು ತೋಟದ ತಳಹದಿಯಾಗಲಿ. ಕೆಲವೆಡೆ ಅಬ್ಬಲಿಗೆ ಎಂದು ಕರೆಯುವ ಕನಕಾಂಬರಕ್ಕೆ ಪರಿಮಳವಿಲ್ಲ. ಆದರೆ ಕಿತ್ತ ಮೇಲೂ ಅದು ಬೇಗನೆ ಬಾಡದು. ಅದರ ಒಣಗಿದ ಕಾಯಿಗೆ ನೀರು ತಗುಲಿದರೆ ಸಿಡಿದು ಬೀಜ ದೂರಕ್ಕೆ ಚಿಮ್ಮುವುದನ್ನು ಮಕ್ಕಳು ಕಂಡಿರಬಹುದು. ಈ ತಳಹದಿಯ ಮೇಲೆ ಶರತ್ಕಾಲದ ಹೂಗಳನ್ನು ಸೇರಿಸಬೇಕು. ಬೇಲಿಯ ಸಾಲಿಗೆ ಹಳದಿ, ನೇರಳೆ, ಬಿಳಿ ಬಣ್ಣಗಳ ಗೋರಂಟೆ. ಅಂಗಳದ ಮೂಲೆಗೆ ಪಾರಿಜಾತ. ಬಿಸಿಲು ಬೀಳುವ ಪಾತಿಗೆ ಸೇವಂತಿಗೆ. ಪಾರಿಜಾತದ ಹೂ ಇರುಳಿನಲ್ಲಿ ಅರಳಿ ಬೆಳಗಾಗುವಾಗ ನೆಲಕ್ಕುದುರುವುದರಿಂದ, ಅದರ ಬುಡ ಓಡಾಟದ ಹಾದಿಯಾಗಿರಬಾರದು. ಕಣಗಿಲೆಯೂ ಬರವನ್ನು ಸಹಿಸಿ ಬಹುಕಾಲ ಹೂಕೊಡುವ ಗಿಡವೇ. ಆದರೆ ಅದರ ಬೇರು, ಎಲೆ, ಹೂ, ಬೀಜಗಳೆಲ್ಲ ವಿಷ. ಮಕ್ಕಳು, ದನಕರುಗಳು ಸುಳಿಯುವಲ್ಲಿ ಅದು ಸಲ್ಲದು.

ಸೇವಂತಿಗೆಯ ಪೋಷಣೆಯಲ್ಲಿ ಕೆಲವು ನಿಯಮಗಳುಂಟು. ಬೇಸಿಗೆಯ ಕೊನೆಯಲ್ಲಿ, ಇಲ್ಲವೆ ಮಳೆಗಾಲದ ಮೊದಲಲ್ಲಿ ಸಸಿಗಳನ್ನು ನೆಡಬೇಕು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ ಪಾತಿ ತುಸು ಎತ್ತರವಾಗಿರಬೇಕು. ಸುಮಾರು ಒಂದು ತಿಂಗಳಾದ ಮೇಲೆ ಕುಡಿಯನ್ನು ಚಿವುಟಬೇಕು. ಹೊಸಬರಿಗೆ ಇದು ಕ್ರೂರವೆನಿಸಬಹುದು. ಆದರೆ ಕುಡಿ ಚಿವುಟಿದ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ. ಕವಲಿಗೊಂದು ಹೂಗೊಂಚಲು ದೊರೆಯುತ್ತದೆ. ಬಾಡಿದ ಹೂಗಳನ್ನು ಆಗಾಗ ಕಿತ್ತುಹಾಕಿದರೆ ಬೀಜಕ್ಕೆ ವ್ಯಯವಾಗುವ ಸತ್ತ್ವ ಹೊಸ ಮೊಗ್ಗುಗಳಿಗೆ ಒದಗುತ್ತದೆ. ಹೂಗಾಲ ಮುಗಿದೊಡನೆ ಒಣಗಿದಂತೆ ಕಾಣುವ ಗಿಡವನ್ನು ಕಿತ್ತೆಸೆಯಬಾರದು. ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಿ ಹದವಾಗಿ ನೀರುಣಿಸಿದರೆ ಬುಡದಿಂದ ಹೊಸ ಮರಿಗಳು ಏಳುತ್ತವೆ. ಅವನ್ನು ಬೇರು ಸಹಿತ ಬಿಡಿಸಿ ನೆಟ್ಟರೆ ಒಂದು ಗಿಡ ಹತ್ತಾಗುತ್ತದೆ.

ಶಾಲೆಯ ತೋಟಕ್ಕೆ ಈ ವಿಚಾರ ಇನ್ನಷ್ಟು ಮುಖ್ಯ. ಶಾಲೆ ತೆರೆದಾಗ ಉತ್ಸಾಹದಿಂದ ನೆಟ್ಟ ಏಕವಾರ್ಷಿಕಗಳು ವರ್ಷ ಮುಗಿಯುವ ಮೊದಲೇ ಅಳಿಯುತ್ತವೆ. ಮುಂದಿನ ವರ್ಷ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು. ಬಹುವಾರ್ಷಿಕಗಳಿಗೆ ಬೇಸಿಗೆಯ ರಜೆಯೇ ಕಠಿಣ ಪರೀಕ್ಷೆ. ಆ ಎರಡು ತಿಂಗಳು ನೀರೆರೆಯುವವರಿಲ್ಲದೆ ಎಷ್ಟೋ ತೋಟಗಳು ಹಾಳಾಗಿವೆ. ರಜೆಗೆ ಮುನ್ನ ಬುಡಕ್ಕೆ ತರಗೆಲೆಯ ದಪ್ಪ ಹೊದಿಕೆ ಹಾಸುವುದು, ಹತ್ತಿರದಲ್ಲಿ ಮನೆಯುಳ್ಳ ವಿದ್ಯಾರ್ಥಿಗಳು ಸರದಿಯಂತೆ ನೀರೆರೆಯುವುದು, ಸೇವಂತಿಗೆಯ ಮರಿಗಳನ್ನು ಕುಂಡಗಳಲ್ಲಿ ಮನೆಗೆ ಒಯ್ದು ಕಾಪಾಡುವುದು, ಇವು ಎಲ್ಲರಿಗೂ ಸಾಧ್ಯವಾದ ಉಪಾಯಗಳು.

ಹತ್ತನೆಯ ತರಗತಿಯ ವಿದ್ಯಾರ್ಥಿ ನೆಟ್ಟ ಪಾರಿಜಾತವು ಚೆನ್ನಾಗಿ ಹೂಬಿಡುವ ವೇಳೆಗೆ ಅವನು ಆ ಶಾಲೆಯಲ್ಲಿರುವುದಿಲ್ಲ. ಒಂದು ಶರತ್ಕಾಲದ ಬೆಳಗಿನಲ್ಲಿ, ಅವನ ಹೆಸರನ್ನೂ ಅರಿಯದ ಎಳೆಯ ಮಕ್ಕಳು ಆ ಮರದ ಕೆಳಗೆ ಹೂ ಆಯುತ್ತಿರುತ್ತಾರೆ. ಗಿಡವನ್ನು ಆರಿಸುವಾಗ ಆ ಬೆಳಗನ್ನು ನೆನೆದು ಆರಿಸುವವನೇ ನಿಜವಾದ ತೋಟಗಾರ.

ಶಬ್ದಾರ್ಥ
ಅಗ್ರಸ್ಥಾನ – ಮೊದಲ ಸ್ಥಾನ. ಲಾಂಛನ – ಗುರುತು, ಚಿಹ್ನೆ. ಹ್ರಸ್ವ – ಗಿಡ್ಡ, ಕಿರಿದು. ಕುಡಿ – ಚಿಗುರಿನ ತುದಿ. ವ್ಯಯ – ಖರ್ಚು. ತರಗೆಲೆ – ಉದುರಿದ ಒಣ ಎಲೆ.

ಅಭ್ಯಾಸ
1. ಆಯುಸ್ಸಿಗೆ ಅನುಸಾರವಾಗಿ ಸಸ್ಯಗಳ ಮೂರು ಬಗೆಗಳನ್ನು ಉದಾಹರಣೆ ಸಹಿತ ವಿವರಿಸಿರಿ.
2. ಬೀದಿಯ ದೀಪದ ಕೆಳಗಿನ ಸೇವಂತಿಗೆ ಹೂಬಿಡಲು ತಡಮಾಡುವುದೇಕೆ?
3. ಹೂ ಬಹುಕಾಲ ಇರುವ ಎರಡು ಬಗೆಗಳಾವುವು?
4. ನಿಮ್ಮ ಶಾಲೆಯ ತೋಟದಲ್ಲಿರುವ ಗಿಡಗಳನ್ನು ಗಮನಿಸಿ, ಯಾವ ತಿಂಗಳಲ್ಲಿ ಯಾವುದು ಅರಳುತ್ತದೆಂಬುದನ್ನು ಒಂದು ವರ್ಷ ಬರೆದಿಡಿರಿ.
5. ಬಿಡಿಸಿ ಬರೆಯಿರಿ: ಶರದೃತು, ಸ್ವಾತಂತ್ರ್ಯೋತ್ಸವ, ಕವಲೊಡೆ, ನೀರೆರೆ.