ಊರ ಮುಂದಿನ ಕಲ್ಲು

ನಿಮ್ಮ ಊರ ಮುಂದೆಯೋ, ಕೆರೆ ಏರಿಯ ಮೇಲೋ ಒಂದು ಹಳೆಯ ಕಲ್ಲು ನಿಂತಿರಬಹುದು. ಅದರ ಮೇಲೆ ಕತ್ತಿ ಹಿಡಿದ ಗಂಡಸಿನ ಚಿತ್ರ ಇರುತ್ತದೆ. ನಾವು ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತೇವೆ. ಕೈ ಮುಗಿದು ಮುಂದೆ ಹೋಗುತ್ತೇವೆ. ಅದು ಯಾವ ಕಲ್ಲು ಗೊತ್ತಾ? ಅದು ವೀರಗಲ್ಲು.

ಪುಸ್ತಕವನ್ನು ಮೇಲಿನಿಂದ ಓದುತ್ತೇವೆ. ವೀರಗಲ್ಲನ್ನು ಕೆಳಗಿನಿಂದ ಓದಬೇಕು. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ದೇವಕನ್ಯೆಯರು ಕರೆದುಕೊಂಡು ಹೋಗುತ್ತಾರೆ. ಮೇಲೆ ಅವನು ಶಿವನ ಮುಂದೆ ಕುಳಿತಿದ್ದಾನೆ.

ಆ ಕಾಲದಲ್ಲಿ ದನವೇ ಸಂಪತ್ತು. ಶತ್ರುಗಳು ಬಂದು ದನ ಹೊಡೆದುಕೊಂಡು ಹೋಗುತ್ತಿದ್ದರು. ಅದಕ್ಕೆ ತುರುಗೋಳು ಅಂತ ಹೆಸರು. ಅವರನ್ನು ತಡೆದು ಸತ್ತವನೇ ಊರಿಗೆ ವೀರ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ನಾಯಿಗೂ ಕಲ್ಲು ನಿಲ್ಲಿಸಿದ್ದರು! ಸಾವಿರ ವರ್ಷಕ್ಕೂ ಹಿಂದಿನ ಮಾತು. ನಾಯಿಯ ಹೆಸರು ಕಾಳಿ. ಅದು ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

ಹಾಗಾದರೆ ಹೆಂಗಸಿಗೆ? ಹೋರಾಡಿ ಸತ್ತ ಹೆಂಗಸಿನ ಕಲ್ಲು ಬಹಳ ಅಪರೂಪ. ಹೆಚ್ಚಾಗಿ ಸಿಗುವುದು ಮಾಸ್ತಿಗಲ್ಲು. ಅದರಲ್ಲಿ ಬಳೆ ತೊಟ್ಟ ಕೈ ಮೇಲೆತ್ತಿರುತ್ತದೆ. ಗಂಡ ಸತ್ತಾಗ ಚಿತೆ ಏರಿದವಳ ಕಲ್ಲು ಅದು. ಬಿತ್ತಿ, ಕಳೆ ಕಿತ್ತು, ಹೆತ್ತು, ಸಾಕಿದವಳ ಕೆಲಸಕ್ಕೆ ಕಲ್ಲು ಎಲ್ಲಿದೆ? ನಾಯಿಯ ಕಲ್ಲು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಈಗ ನಮ್ಮ ಅಮ್ಮಂದಿರ ಕಾಲಕ್ಕೆ ಬರೋಣ. 1972ರಲ್ಲಿ ‘ನಾಗರಹಾವು’ ಸಿನಿಮಾ ಬಂತು. ಜಯಂತಿಯವರು ಒನಕೆ ಓಬವ್ವನಾಗಿ ಕಾಣಿಸಿಕೊಂಡರು. ಓಬವ್ವನ ಕಥೆ ಮನೆಮನೆಗೂ ಮುಟ್ಟಿತು.

ಓಬವ್ವ ಚಿತ್ರದುರ್ಗದ ಕೋಟೆ ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಕೂತಿದ್ದ. ಅವಳು ಕೊಡ ಹಿಡಿದು ನೀರಿಗೆ ಹೋದಳು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದರು. ಓಬವ್ವ ಒನಕೆ ತಂದಳು. ಒಬ್ಬೊಬ್ಬರನ್ನೇ ಹೊಡೆದು ಕೆಡವಿದಳು. ಕೊನೆಗೆ ತಾನೂ ಸತ್ತಳು ಅಂತ ಹೇಳುತ್ತಾರೆ.

ಅಡುಗೆಮನೆಯ ಹೆಂಗಸೂ ವೀರಳಾದಳು. ಆದರೂ ಹೊಡೆದದ್ದಕ್ಕೇ ಹೆಸರು ಬಂತು. ಅವಳ ಒನಕೆ ಎಲ್ಲರಿಗೂ ನೆನಪಿದೆ. ಕೊಡ ಯಾರಿಗೂ ನೆನಪಿಲ್ಲ.

ಕೊಡದಿಂದಲೇ ಹೆಸರಾದವರು ಸಾಲುಮರದ ತಿಮ್ಮಕ್ಕ. ಮಾಗಡಿ ತಾಲ್ಲೂಕಿನ ಹುಲಿಕಲ್ ಅವರ ಊರು. ಶಾಲೆಗೆ ಹೋದವರಲ್ಲ. ಕೂಲಿ ಮಾಡಿ ಬದುಕಿದರು. ಮಕ್ಕಳಾಗಲಿಲ್ಲ. ಮಕ್ಕಳಿಲ್ಲದವಳನ್ನು ಊರು ಹೇಗೆ ನೋಡುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ತಿಮ್ಮಕ್ಕ, ಗಂಡ ಚಿಕ್ಕಯ್ಯ ಇಬ್ಬರೂ ಕುದೂರಿನ ರಸ್ತೆ ಬದಿಯಲ್ಲಿ ಆಲದ ಸಸಿ ನೆಟ್ಟರು. ಕೊಡದಲ್ಲಿ ನೀರು ಹೊತ್ತು ಹಾಕಿದರು. ದನ ತಿನ್ನದ ಹಾಗೆ ಮುಳ್ಳಿನ ಬೇಲಿ ಕಟ್ಟಿದರು. ಒಂದು ವರ್ಷವಲ್ಲ, ಎರಡು ವರ್ಷವಲ್ಲ. ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ 385 ಮರ ಬೆಳೆದವು ಅಂತ ಲೆಕ್ಕ. ಮರಗಳೇ ನಮ್ಮ ಮಕ್ಕಳು ಅನ್ನುತ್ತಿದ್ದರು ತಿಮ್ಮಕ್ಕ.

1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. ತಿಮ್ಮಕ್ಕನವರಿಗೆ ದೊಡ್ಡ ಹೆಸರು ಬಂದದ್ದು ಆಮೇಲೆ. 2019ರಲ್ಲಿ ದಿಲ್ಲಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಗೆ ಪದ್ಮಶ್ರೀ ಕೊಟ್ಟರು. ಅಜ್ಜಿ ರಾಷ್ಟ್ರಪತಿಯ ತಲೆ ಮುಟ್ಟಿ ಆಶೀರ್ವಾದ ಮಾಡಿದರು! 2025ರ ನವೆಂಬರ್‌ನಲ್ಲಿ ತಿಮ್ಮಕ್ಕ ತೀರಿಕೊಂಡರು.

ತಿಮ್ಮಕ್ಕ ಯಾರನ್ನೂ ಕೊಲ್ಲಲಿಲ್ಲ. ಚಿತೆ ಏರಲಿಲ್ಲ. ಗಂಡ ಹೋದ ಮೇಲೂ ಬಹಳ ವರ್ಷ ಬಾಳಿದರು. ಹಿಂದಿನವರು ಇಂಥವರಿಗೆ ಕಲ್ಲು ನಿಲ್ಲಿಸುತ್ತಿದ್ದರೇ? ದನ ಕದಿಯುವವರ ಭಯ ಇದ್ದಾಗ ದನ ಉಳಿಸಿದವನು ದೊಡ್ಡವನು. ಈಗಿನ ಭಯ ಬೇರೆ. ರಸ್ತೆಗೆ ನೆರಳಿಲ್ಲ, ಬೋರ್‌ವೆಲ್‌ನಲ್ಲಿ ನೀರಿಲ್ಲ. ಅದಕ್ಕೇ ಮರ ಬೆಳೆಸಿದವಳು ಕಣ್ಣಿಗೆ ಬಿದ್ದಳು. ಎಲ್ಲರ ಮನಸ್ಸೂ ಬದಲಾಗಿದೆ ಅಂತಲ್ಲ. ನಮ್ಮ ಹುಡುಗರಿಗೆ ಇವತ್ತಿಗೂ ಹೊಡೆದಾಡುವ ಹೀರೋನೇ ಬೇಕು.

ಇವತ್ತು ಮನೆಗೆ ಹೋಗಿ ಅತ್ತೆಯನ್ನು ಕೇಳಿ, ಮಗಳನ್ನೂ ಕೇಳಿ: ನಿನ್ನ ಪ್ರಕಾರ ಧೀರರು ಯಾರು ಅಂತ. ಇಬ್ಬರೂ ಒಂದೇ ಹೆಸರು ಹೇಳುತ್ತಾರಾ ನೋಡಿ. ಆಮೇಲೆ ನಿಮ್ಮೂರಿನ ಒಬ್ಬ ಹೆಂಗಸಿನ ಹೆಸರನ್ನು ಬರೆಯಿರಿ. ಅವಳಿಗೆ ಒಂದು ಕಲ್ಲು ನಿಲ್ಲಿಸಿದರೆ, ಕೆಳಗಿನ ಸಾಲಿನಲ್ಲಿ ಯಾವ ಚಿತ್ರ ಕೆತ್ತಿಸುತ್ತೀರಿ? ಅದನ್ನೂ ಬರೆದುಕೊಂಡು ಬನ್ನಿ.