ಓದಿದ ವಾಕ್ಯ ಬಾಳಿಗೆ ಇಳಿಯಲಿ

ಪ್ರಶ್ನೆ: ಫಾದರ್, ನಾನು ಆಸ್ಪತ್ರೆಯಲ್ಲಿ ನರ್ಸ್. ವಾರ ಬಿಟ್ಟು ವಾರ ನೈಟ್ ಡ್ಯೂಟಿ. ಪ್ರತಿ ಹೊಸ ವರ್ಷಕ್ಕೂ ಬೈಬಲ್ ಓದಲು ಶುರು ಮಾಡುತ್ತೇನೆ. ನಾಲ್ಕು ದಿನ ತಪ್ಪಿದರೆ ಬಾಕಿ ಬೆಳೆದು ಕೈಬಿಟ್ಟೇ ಹೋಗುತ್ತದೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸಾಲಾಗಿ ಓದಲೇಬೇಕೆಂಬ ಕಟ್ಟಳೆ ಇಲ್ಲ ತಾಯಿ. ಧರ್ಮಸಭೆಯೇ ನಮಗಾಗಿ ದಿನದಿನದ ವಾಚನಗಳನ್ನು ಹಂಚಿಟ್ಟಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ, 1969ರಲ್ಲಿ ಈಗಿನ ವಾಚನಕ್ರಮ ಬಂತು. ಭಾನುವಾರಗಳದು ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಆಮೇಲೆ ಲೂಕ. ಯೊವಾನ್ನರ ಶುಭಸಂದೇಶ ಹೆಚ್ಚಾಗಿ ಕೇಳಿಬರುವುದು ತಪಸ್ಸುಕಾಲ ಮತ್ತು ಪಾಸ್ಕಕಾಲದಲ್ಲಿ. ವಾರದ ದಿನಗಳಲ್ಲಿ ಓದುವ ಶುಭಸಂದೇಶದ ಭಾಗ ಪ್ರತಿವರ್ಷ ಮರಳಿ ಬರುತ್ತದೆ. ಸಾಧಾರಣ ಕಾಲದ ಮೊದಲ ಒಂಬತ್ತು ವಾರ ಮಾರ್ಕ, ಹತ್ತರಿಂದ ಇಪ್ಪತ್ತೊಂದನೆಯ ವಾರದವರೆಗೆ ಮತ್ತಾಯ, ಅಲ್ಲಿಂದ ಮೂವತ್ತನಾಲ್ಕರವರೆಗೆ ಲೂಕ.

ಹೀಗಾಗಿ ಬಾಕಿ ತೀರಿಸುವ ಪ್ರಶ್ನೆಯೇ ಇಲ್ಲ. ತಪ್ಪಿದ್ದು ತಪ್ಪಿತು, ಇವತ್ತಿನ ಶುಭಸಂದೇಶ ತೆರೆಯಿರಿ. ಎರಡು ಸಲ ನಿಧಾನವಾಗಿ ಓದಿ, ಒಂದೇ ಒಂದು ಮಾತನ್ನು ಹಿಡಿದುಕೊಂಡು ಡ್ಯೂಟಿಗೆ ಹೊರಡಿ. ಸಾಧಾರಣ ಕಾಲದ ಮೊದಲ ವಾರದ ಬುಧವಾರ ಪೇತ್ರನ ಅತ್ತೆಯ ಕಥೆ ಬರುತ್ತದೆ (ಮಾರ್ಕ 1:29-31). ಆಕೆ ಜ್ವರದಿಂದ ಮಲಗಿದ್ದಾಳೆ. ಯೇಸು ಹತ್ತಿರ ಬಂದು, ಕೈಹಿಡಿದು, ಎಬ್ಬಿಸುತ್ತಾರೆ. ಅವರು ಅಲ್ಲಿ ಏನು ಮಾತಾಡಿದರೆಂದು ಮಾರ್ಕ ಬರೆದೇ ಇಲ್ಲ. ಮೂರೇ ವಚನಗಳ ಆ ಕಥೆ ಓದಿದ ರಾತ್ರಿ ನೀವು ರೋಗಿಯೊಬ್ಬರ ನಾಡಿ ನೋಡಲು ಕೈ ಹಿಡಿದಾಗ, ಇನ್ನೊಂದು ಕ್ಷಣ ಹಾಗೆಯೇ ಹಿಡಿದಿರಿ. ಅಂದಿನ ಓದು ಪೂರ್ತಿಯಾಯಿತು.

ಪ್ರಶ್ನೆ: ಸ್ವಾಮಿ, ನನಗೆ ಎಪ್ಪತ್ತು ದಾಟಿದೆ. ರಾತ್ರಿ ಜಪಸರ ಹಿಡಿದರೆ ಮೂರನೆಯ ರಹಸ್ಯಕ್ಕೆ ಬರುವಷ್ಟರಲ್ಲಿ ತೂಕಡಿಕೆ. ಇಂಥ ಪ್ರಾರ್ಥನೆ ದೇವರಿಗೆ ಸಲ್ಲುತ್ತದೆಯೇ?
– ಓದುಗರು, ಕೊಳ್ಳೇಗಾಲ

ಉತ್ತರ: ಖಂಡಿತ ಸಲ್ಲುತ್ತದೆ ಅಮ್ಮಾ. ಲಿಸಿಯೂ ಪಟ್ಟಣದ ಸಂತ ತೆರೇಸಮ್ಮನವರು ಹದಿನೈದನೆಯ ವಯಸ್ಸಿಗೇ ಕಾರ್ಮೆಲ್ ಮಠ ಸೇರಿದವರು, 1897ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡವರು. ಧ್ಯಾನದ ಹೊತ್ತಿನಲ್ಲಿ ನಿದ್ದೆ ಹೋಗುತ್ತಿದ್ದೆನೆಂದು ಅವರೇ ಬರೆದಿಟ್ಟಿದ್ದಾರೆ. ನಿದ್ದೆಯಲ್ಲಿರುವ ಮಗುವೂ ಎಚ್ಚರವಿರುವ ಮಗುವಿನಷ್ಟೇ ಹೆತ್ತವರಿಗೆ ಮುದ್ದು ಎಂಬುದು ಅವರಿಗಿದ್ದ ಧೈರ್ಯ. ಅವರನ್ನೇ 1997ರಲ್ಲಿ ಧರ್ಮಸಭೆ ತನ್ನ ಮಹಾಪಂಡಿತರ ಸಾಲಿಗೆ ಸೇರಿಸಿತು. ಮೈ ದಣಿಯುವುದು ಪಾಪವಲ್ಲ. ಆದರೂ ಒಂದು ಮಾತು: ದೇವರಿಗೆ ದಿನದ ಕೊನೆಯ ದಣಿವನ್ನಷ್ಟೇ ಕೊಡಬೇಡಿ. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಒಂದು ರಹಸ್ಯವನ್ನಾದರೂ ಮನಸ್ಸಿಟ್ಟು ಹೇಳಿ, ಉಳಿದದ್ದನ್ನು ರಾತ್ರಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಸಂತರನ್ನು ನೀವು ಪೂಜಿಸುತ್ತೀರಲ್ಲ ಎಂದು ಗೆಳೆಯರು ಕೇಳುತ್ತಾರೆ. ಉತ್ತರ ಹೊಳೆಯುವುದಿಲ್ಲ.
– ವಿದ್ಯಾರ್ಥಿ, ಕುಂದಾಪುರ

ಉತ್ತರ: ಆರಾಧನೆ ದೇವರೊಬ್ಬರಿಗೇ. ಸಂತರಿಗೆ ಸಲ್ಲುವುದು ಗೌರವ. ನಮಗಾಗಿ ಪ್ರಾರ್ಥಿಸಿ ಎಂದು ಮನೆಯ ಹಿರಿಯರನ್ನು ಕೇಳುವ ಹಾಗೆ ಅವರನ್ನೂ ಕೇಳುತ್ತೇವೆ, ಅವರ ಹೆಜ್ಜೆ ನೋಡಿ ನಡೆಯಲು ಕಲಿಯುತ್ತೇವೆ. ನಿಮ್ಮ ಸೀಮೆಯಲ್ಲೇ ಓಡಾಡಿದ ಸಂತರೊಬ್ಬರಿದ್ದಾರೆ. ಗೋವೆಯ ಬೆನೌಲಿಯಲ್ಲಿ 1651ರಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜ್ 1681ರಿಂದ ಕೆಲವು ವರ್ಷ ಕೆನರಾ ಕರಾವಳಿಯಲ್ಲಿ ದುಡಿದರು. ಮುಂದೆ ಡಚ್ಚರ ಆಡಳಿತದಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವಿಲ್ಲದ ಸಿಂಹಳಕ್ಕೆ ಕೂಲಿಯವನ ವೇಷದಲ್ಲಿ 1687ರಲ್ಲಿ ಹೋದರು. ಕ್ಯಾಂಡಿಯಲ್ಲಿ 1697ರಲ್ಲಿ ಸಿಡುಬು ಹಬ್ಬಿ ಜನ ರೋಗಿಗಳನ್ನು ಬಿಟ್ಟು ಓಡಿದಾಗ, ಇವರು ಜಾತಿ ಮತ ನೋಡದೆ ಶುಶ್ರೂಷೆ ಮಾಡಿದರು. ಪೋಪ್ ಫ್ರಾನ್ಸಿಸರು 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ಗೆಳೆಯರಿಗೆ ವಾದ ಬೇಡ, ಈ ಕಥೆ ಹೇಳಿ. ಅವರ ಹಬ್ಬ ಜನವರಿ 16. ಆ ದಿನ ಕಾಯಿಲೆಯಲ್ಲಿರುವ ಒಬ್ಬರನ್ನಾದರೂ ಹೋಗಿ ನೋಡಿ ಬನ್ನಿ.

ಪ್ರಶ್ನೆ: ಫಾದರ್, ಅಪ್ಪ ತೀರಿಕೊಂಡ ಮೇಲೆ ಅಣ್ಣ ತೋಟದ ಪಾಲಿನಲ್ಲಿ ನನಗೆ ಮೋಸ ಮಾಡಿದ. ಕೇಸು ನಡೆಯುತ್ತಿದೆ, ಮಾತಿಲ್ಲ ಕಥೆಯಿಲ್ಲ. ಪರಲೋಕ ಮಂತ್ರದಲ್ಲಿ ಕ್ಷಮೆಯ ಸಾಲು ಬಂದಾಗ ನನ್ನ ಬಾಯಿ ಕಟ್ಟುತ್ತದೆ. ನಾನು ಪರಮಪ್ರಸಾದ ಸ್ವೀಕರಿಸಬಹುದೇ?
– ಓದುಗರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಆ ಸಾಲಿನಲ್ಲಿ ಬಾಯಿ ಕಟ್ಟುತ್ತದೆಯೆಂದರೆ ನೀವು ಪ್ರಾರ್ಥನೆಯನ್ನು ಅರ್ಥಮಾಡಿಕೊಂಡು ಹೇಳುತ್ತಿದ್ದೀರಿ.

ಮತ್ತಾಯ 18ರಲ್ಲಿ ಇಬ್ಬರು ಸಾಲಗಾರರ ಸಾಮತಿ ಇದೆ. ಒಬ್ಬ ಸೇವಕ ರಾಜನಿಗೆ ಹತ್ತು ಸಾವಿರ ತಲಾಂತು ಕೊಡಬೇಕು, ಅವನಿಗೆ ಜೊತೆಯವನು ನೂರು ಬೆಳ್ಳಿ ನಾಣ್ಯ ಕೊಡಬೇಕು. ಆ ನೂರು ನಾಣ್ಯ ಪುಡಿಗಾಸಲ್ಲ. ಅಂದಿನ ಕೂಲಿಯಾಳಿಗೆ ಒಂದು ನಾಣ್ಯ ಒಂದು ದಿನದ ಸಂಬಳ, ಅಂದರೆ ಮೂರು ತಿಂಗಳಿಗೂ ಮೀರಿದ ದುಡಿಮೆ. ನಿಮಗಾದ ಅನ್ಯಾಯ ಸಣ್ಣದು ಎಂದು ಯೇಸು ಹೇಳುತ್ತಿಲ್ಲ. ಆದರೆ ಒಂದು ತಲಾಂತೆಂದರೆ ಸುಮಾರು ಆರು ಸಾವಿರ ದಿನದ ಕೂಲಿ. ಹತ್ತು ಸಾವಿರ ತಲಾಂತು ಆರು ಕೋಟಿ ದಿನದ ಕೂಲಿ, ಯಾವ ಜನ್ಮಕ್ಕೂ ತೀರದ ಸಾಲ. ಅಷ್ಟನ್ನು ಮನ್ನಾ ಮಾಡಿಸಿಕೊಂಡವರು ನಾವೆಲ್ಲರೂ.

ಕ್ಷಮಿಸುವುದೆಂದರೆ ಪಾಲು ಬಿಟ್ಟುಕೊಡುವುದಲ್ಲ. ಧನ್ಯೆ ಸಿಸ್ಟರ್ ರಾಣಿ ಮರಿಯಾ ಬಡ ರೈತರ ಪರ ನಿಂತದ್ದಕ್ಕೆ 1995ರಲ್ಲಿ ಮಧ್ಯಪ್ರದೇಶದಲ್ಲಿ ಕೊಲೆಯಾದರು. ಕೊಂದವನಿಗೆ ಜೈಲಾಯಿತು. ರಾಣಿ ಮರಿಯಾರ ತಂಗಿ, ಅವರೂ ಕನ್ಯಾಸ್ತ್ರೀ, 2002ರಲ್ಲಿ ಅದೇ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ನ್ಯಾಯಾಲಯ ತನ್ನ ಕೆಲಸ ಮಾಡಿತ್ತು, ತಂಗಿ ತಮ್ಮ ಕೆಲಸ ಮಾಡಿದರು. ನಿಮ್ಮ ಕೇಸೂ ನಡೆಯಲಿ, ಸುಳ್ಳು ಸಾಕ್ಷಿಯಿಲ್ಲದೆ, ಹಗೆಯಿಲ್ಲದೆ ನಡೆಯಲಿ.

ಇನ್ನು ಪರಮಪ್ರಸಾದದ ಮಾತು. ಅಣ್ಣನಿಗೆ ಕೇಡಾಗಲಿ ಎಂಬ ಬಯಕೆಯನ್ನು ಬೇಕೆಂದೇ ಸಾಕಿಕೊಂಡಿದ್ದರೆ ಮೊದಲು ಪಾಪನಿವೇದನೆಗೆ ಹೋಗಿ. ನೋವು ಮಾತ್ರ ಉಳಿದಿದ್ದು, ಕ್ಷಮಿಸುವ ಮನಸ್ಸು ಮಾಡಿದ್ದರೆ ಹಿಂಜರಿಯದೆ ಬನ್ನಿ. ನೋವು ಆರಲು ಕಾಲ ಬೇಕು. ಕ್ಷಮಿಸುತ್ತೇನೆ ಎಂಬ ನಿರ್ಧಾರ ಇವತ್ತೇ ಆಗಬಹುದು.

ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಸೋದರನೊಂದಿಗೆ ರಾಜಿಯಾಗಲು ಹೊರಡು ಎಂದ ಯೇಸು, ತಪ್ಪು ಯಾರದೆಂದು ಕೇಳಲಿಲ್ಲ. ವಾಕ್ಯ ನೆನಪಾದವನೇ ಮೊದಲು ಏಳಬೇಕು, ಮತ್ತು ನೆನಪಾದದ್ದು ನಿಮಗೆ. ಬರುವ ಭಾನುವಾರದ ಬಲಿಪೂಜೆಗೆ ಮುಂಚೆ ಅಣ್ಣನಿಗೆ ಫೋನ್ ಮಾಡಿ. ತೋಟದ ಮಾತು ಎತ್ತಬೇಡಿ. ಅತ್ತಿಗೆ ಹೇಗಿದ್ದಾರೆ, ಮಕ್ಕಳ ಓದು ಎಲ್ಲಿಗೆ ಬಂತು ಎಂದು ಕೇಳಿ. ಅವರು ಫೋನ್ ಎತ್ತದಿದ್ದರೆ ಮುಂದಿನ ವಾರ ಮತ್ತೆ ಮಾಡಿ. ಅವರ ಉತ್ತರ ನಿಮ್ಮ ಕೈಯಲ್ಲಿಲ್ಲ, ಫೋನ್ ಮಾಡುವುದು ನಿಮ್ಮ ಕೈಯಲ್ಲಿದೆ.